ವರ್ಗಾವಣೆಗೆ ಕಾದ ಡಬ್ಬಿ

ಹೊಸ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತು. ಕಳೆದ ಭಾನುವಾರ ಮಗಳು ಕೇತಕಿ ನಾಗಪುರದ ಸೀತಾಬರ್ಡಿ ಪೇಟೆಯಿಂದ ಗೇಮಿಂಗ್ ಕೀಬೋರ್ಡ್ ತಂದು, ಪಡಸಾಲೆಯ ನಡುವೆ ಕುಳಿತು ಡಬ್ಬ ಬಿಚ್ಚಿದಾಗ ಮನೆ ತುಂಬ ಅದೇ ವಾಸನೆ. ಕೀಬೋರ್ಡಿನ ಹಿಂದೆ ಅದರ ಬಳಗವೂ ಬಂದಿತ್ತು: ಹೆಣಿಗೆಯ ಕೇಬಲ್, ಮಣಿಕಟ್ಟು ಊರಲು ಮೆತ್ತನೆಯ ಪಟ್ಟಿ, ಧೂಳು ಕೊಡವುವ ಕುಂಚ, ಕೀಲಿ ಕೀಳುವ ತಂತಿಯ ಚಿಮುಟ, ಕೆಂಪು ಬಿಡಿ ಕೀಲಿಗಳ ಪೊಟ್ಟಣ. ಬೆರಳಿಟ್ಟರೆ ಸಾಕು, ಬಣ್ಣಬಣ್ಣದ ದೀಪ. ಕೆಲಸಕ್ಕಿಂತ ಮೆರವಣಿಗೆಗೇ ಲಾಯಕ್ಕು ಎನಿಸಿತು.

"ಪಪ್ಪಾ, ಡಬ್ಬಾ ಫೇಕ್ ದೂಂ ಕ್ಯಾ?" ಎಂದಳು, ಡಬ್ಬವನ್ನು ಎಸೆಯಲು ಎತ್ತಿಕೊಂಡು.

"ಬ್ಯಾಡ, ಇಡು. ಆ ಸಣ್ಣ ಸಾಮಾನೂ ಅದರಾಗ ವಾಪಸ್ ಹಾಕು, ಕಳದಾವು," ಎಂದೆ. ಯೋಚಿಸಿ ಆಡಿದ ಮಾತಲ್ಲ, ತಾನಾಗಿ ಬಾಯಿಗೆ ಬಂತು. ಈ ಫ್ಲ್ಯಾಟು ನಮ್ಮದೇ, ನನಗಿನ್ನು ಎಲ್ಲಿಗೂ ವರ್ಗವಿಲ್ಲ. ಆದರೂ ಅಟ್ಟದ ಮೇಲೆ ಮಿಕ್ಸರಿನಿಂದ ಹೇರ್ ಡ್ರೈಯರಿನವರೆಗೆ ಎಲ್ಲದರ ಖಾಲಿ ಡಬ್ಬ ಜೋಪಾನವಾಗಿದೆ. ಹೇರ್ ಡ್ರೈಯರ್ ಯಾವತ್ತೋ ಕೆಟ್ಟು ಹೋಯಿತು, ನನ್ನ ತಲೆಯ ಕೂದಲು ಅದಕ್ಕೂ ಮೊದಲೇ ಹೋಗಿತ್ತು.

ಇದು ಅಪ್ಪನ ಬಳುವಳಿ. ಅವರು ರೈಲ್ವೆಯಲ್ಲಿದ್ದರು. ಹುಬ್ಬಳ್ಳಿ ಬಿಟ್ಟು ಊರೂರು ತಿರುಗಿ ನಾಗಪುರದ ಕ್ವಾರ್ಟರ್ಸ್ ಸೇರುವ ಹೊತ್ತಿಗೆ ರೇಡಿಯೋದ ತಿರುಪು ಒಂದು ವರ್ಗದಲ್ಲಿ, ಗಡಿಯಾರದ ಲೋಲಕ ಇನ್ನೊಂದು ವರ್ಗದಲ್ಲಿ ಕಳೆದಿದ್ದವು. ಆಮೇಲೆ ಅವರೊಂದು ನಿಯಮ ಮಾಡಿಕೊಂಡರು. ಯಾವ ಸಾಮಾನನ್ನೂ ಡಬ್ಬದಿಂದ ಪೂರ್ತಿ ತೆಗೆಯಬಾರದು. ಬೇಕಾದಷ್ಟು ತೆಗೆದು, ಉಳಿದದ್ದನ್ನು ಹಾಗೇ ಕಟ್ಟಿಡಬೇಕು. ಥರ್ಮೊಕೋಲಿಗೆ ಆ ಮನೆಯಲ್ಲಿ ಎಂಥ ಮರ್ಯಾದೆ ಇತ್ತೆಂಬುದು ಒಂದೇ ಊರಿನಲ್ಲಿ ಬಾಳಿದವರಿಗೆ ತಿಳಿಯಲಿಕ್ಕಿಲ್ಲ.

ಅಂಥ ಮನೆಗೆ ಅವ್ವನ ಹೊಲಿಗೆ ಯಂತ್ರ ಬಂತು. ಯಂತ್ರ ಹೊರಬಂದು ಕಿಟಕಿಯ ಪಕ್ಕ ಕೂತಿತು. ಹೂ ಹೊಲಿಯಲು, ನೆರಿಗೆ ಹಿಡಿಯಲು, ಅಂಚು ಮಡಿಚಲು ಎಂದು ಜೊತೆಗೆ ಬಂದಿದ್ದ ಉಕ್ಕಿನ ಬಿಡಿಭಾಗಗಳ ಡಬ್ಬಿಗೆ ಮಾತ್ರ ಅಪ್ಪ ದಾರ ಸುತ್ತಿ ಟ್ರಂಕಿಗೆ ಹಾಕಿದರು.

"ಅದನ್ನೂ ಕೊಡ್ರಿ, ಹಚ್ಚಿ ನೋಡತೇನಿ," ಎಂದಳು ಅವ್ವ.

"ಇರ್ಲಿ ಬಿಡ. ಇನ್ನೇನ್ ಹುಬ್ಬಳ್ಳಿಗೆ ವರ್ಗ ಆಗತೈತಿ. ಅಲ್ಲಿ ಹೋದಮ್ಯಾಲೆ ಆರಾಮ ತಗದ್ರಾತು."

ಅಪ್ಪ ಕಠಿಣ ಮನಸ್ಸಿನವರಲ್ಲ. ಹುಬ್ಬಳ್ಳಿಗೆ ಮರಳುವುದು ಅವರಿಗೆ ಅಷ್ಟು ಖಾತ್ರಿಯಾಗಿತ್ತು. ಪಕ್ಕದ ಮನೆಯ ಮರಾಠಿ ಕಾಕೂ ಗಾಂಧಿಬಾಗ್ ಪೇಟೆಯಿಂದ ತಂದ ಬಟ್ಟೆ ತೋರಿಸಿ, ಯಂತ್ರದ ಮೇಲೆ ಹೂ ಹೊಲಿಯುವುದನ್ನು ಜೊತೆಯಲ್ಲೇ ಕಲಿಯೋಣವೆಂದು ಕರೆದರು. "ವಹಿನಿ, ಉದ್ಯಾಪಾಸೂನ್ ಯಾ, ದೋಘೀ ಶಿಕೂ." ಅವ್ವ ತನ್ನ ಒಡಕು ಮರಾಠಿಯಲ್ಲಿ "ಸಾಮಾನ್ ಪ್ಯಾಕ್ ಆಹೇ" ಎಂದು ನಕ್ಕುಬಿಟ್ಟಳು. ಕಾಕೂ ಒಬ್ಬರೇ ಕಲಿತರು. ಕಾಲನಿಯ ಹೆಂಗಸರೆಲ್ಲ ಅವರ ಕೈಯ ಹೂವಿನ ಕುಪ್ಪಸ ತೊಟ್ಟು ಓಡಾಡಿದರು. ಅವ್ವ ಮಾತ್ರ ನೇರ ಹೊಲಿಗೆಯಲ್ಲೇ ದಿಂಬಿನ ಚೀಲ, ಪರದೆ, ನಮ್ಮ ಚಡ್ಡಿ ಹೊಲಿಯುತ್ತ ವರ್ಷಗಳನ್ನು ಕಳೆದಳು. ನಡುನಡುವೆ ಎದ್ದುಹೋಗಿ ಆ ಟ್ರಂಕನ್ನು ಒರೆಸಿ ಬರುತ್ತಿದ್ದಳು.

ವರ್ಗ ಬರಲೇ ಇಲ್ಲ, ನಿವೃತ್ತಿ ಬಂತು. ಕ್ವಾರ್ಟರ್ಸ್ ಬಿಡುವ ದಿನ ಅಪ್ಪ ತಾವಾಗಿ ದಾರ ಬಿಚ್ಚಿ, ಬಿಡಿಭಾಗಗಳನ್ನು ಅವ್ವನ ಅಂಗೈಗೆ ಸುರಿದರು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಅಷ್ಟರಲ್ಲಿ ಅವ್ವನ ಬೆರಳ ಗಂಟುಗಳು ಬಾತು, ಸೂಜಿಗೆ ದಾರ ಪೋಣಿಸಲೂ ಬೇರೆಯವರು ಬೇಕಾಗುತ್ತಿತ್ತು. ಅವಳು ಒಂದೊಂದನ್ನೇ ಹೊರಳಿಸಿ ನೋಡಿದಳು.

"ಇದು ಏನ್ ಮಾಡತೈತ್ರಿ?"

ಅಪ್ಪನಿಗೂ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು, ಆ ಪ್ರಶ್ನೆ ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ.

"ಸಬ್ ರಖ್ ದಿಯಾ, ಪಪ್ಪಾ. ಬರೋಬರ್ ಐತಿ ನೋಡ್ರಿ," ಎಂದಳು ಪಡಸಾಲೆಯಲ್ಲಿ ಕುಳಿತಿದ್ದ ಕೇತಕಿ. ಕೆಂಪು ಕೀಲಿ, ಚಿಮುಟ, ಕುಂಚ ಎಲ್ಲವನ್ನೂ ಡಬ್ಬದೊಳಗೆ ಒಪ್ಪವಾಗಿ ಜೋಡಿಸಿ ಮುಚ್ಚಳ ಹಾಕಿದ್ದಳು. "ಬಾದ್ ಮೇಂ ನಿಕಾಲೂಂಗಿ."

ಆ 'ಆಮೇಲೆ ತೆಗೆಯುತ್ತೇನೆ' ಕೇಳಿದ್ದೇ ನಾನೇ ಡಬ್ಬದ ಮುಚ್ಚಳ ತೆಗೆದೆ.

"ಆಮ್ಯಾಲೆ ಬ್ಯಾಡವ್ವಾ. ಎಲ್ಲಾ ತಗಿ, ಈಗ ಹಚ್ಚು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಚಿಮುಟ ಹಿಡಿದು ಕಪ್ಪು ಕೀಲಿಯೊಂದನ್ನು ಕಿತ್ತು, ಆ ಜಾಗದಲ್ಲಿ ಕೆಂಪನ್ನು ಕೂರಿಸಿದಳು. ಚೆನ್ನಾಗಿ ಕಂಡಿತು. ಇನ್ನೊಂದು ಹಾಕು ಎಂದೆ.

ಆ ಡಬ್ಬಿ ಅಂದೇ ಬಿಚ್ಚಿದ್ದರೆ ಅವ್ವ ಎಂಥ ಹೂ ಹೊಲಿಯುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಾಗಲಿಲ್ಲ.