ಮುಂಚೆ ಕೇಳಿಸುವ ಗೋಲು

ಬೆಳಕು ಹರಿಯುವ ಮೊದಲೇ ಸ್ಟೆಫಾ ಮೆಟ್ಟಿಲ ಮೇಲಿನ ಹಿಮ ಗೋರಿ ಹಾಕಿದ್ದಳು. ಹಿತ್ತಲಲ್ಲಿ ಐಸ್-ಹಾಕಿ ಆಡುವ ರಿಂಕಿಗೆ, ಮಂಜುಗಡ್ಡೆ ನುಣುಪಾಗಲೆಂದು, ಪೈಪಿನಲ್ಲಿ ನೀರು ಹಾಯಿಸಿ, ಗಂಡ ಓರೆಸ್ಟನ ಆಟದ ಕಾಲುಚೀಲಗಳನ್ನು ಮೂಗು ಮುಚ್ಚಿಕೊಂಡು ಒಗೆದು, ಸಂಜೆಯ ಪೆರೊಗಿ ಕಡುಬಿಗೆ ಹಿಟ್ಟು ನಾದಿ, ಆಲೂಗಡ್ಡೆ ಬೇಯಲಿಟ್ಟಿದ್ದಳು. ಎದ್ದು ಬಂದ ಓರೆಸ್ಟ್ ಕಿಟಕಿಯಿಂದ ನೋಡಿ ಹಿಗ್ಗಿದ.

"ಈ ವರ್ಷ ನಮ್ಮ ರಿಂಕು ಕನ್ನಡಿ ಥರ ಆಗಿದೆ ನೋಡು!"

"ಹೂಂ, ಪಾಪ, ತಾನಾಗೇ ಆಗ್ಬಿಡ್ತು," ಎಂದಳು ಸ್ಟೆಫಾ.

ಅಂದು ಶನಿವಾರ, ವಿನ್ನಿಪೆಗ್‌ಗೂ ಟೊರಾಂಟೊಗೂ ಐಸ್-ಹಾಕಿ ಪಂದ್ಯ. ವಿನ್ನಿಪೆಗ್ ಪಕ್ಷದವರಾದ ಈ ಡಾಫಿನ್ ಊರಿನವರು ಟೊರಾಂಟೊ ತಂಡಕ್ಕಿಂತ ಹೆಚ್ಚಾಗಿ ಬೈಯುವುದು ಟಿವಿಯ ಕಾಮೆಂಟರಿಯವರನ್ನು. ಟೊರಾಂಟೊದವನು ಬಿದ್ದರೆ ಅವರ ಪ್ರಕಾರ ಯಾರೋ ತಳ್ಳಿದರು; ನಮ್ಮವನು ಬಿದ್ದರೆ ಕಾಲು ಜಾರಿತು. ಹಾಗಾಗಿ ಓರೆಸ್ಟ್ ಮತ್ತು ಅವನ ತಮ್ಮ ಮೈರಾನ್ ಹಾಲಿನಲ್ಲಿ ಟಿವಿಯ ಬಾಯಿ ಮುಚ್ಚಿಸಿ ಆಟ ನೋಡುತ್ತಾರೆ. ಸ್ಟೆಫಾಗೆ ಅಡುಗೆಮನೆಯ ರೇಡಿಯೊ, ಅದರಲ್ಲಿ ಕಾಮೆಂಟರಿ ಹೇಳುವ ವಿನ್ನಿಪೆಗ್‌ನ ಮುದುಕನ ದನಿ.

"ನಿನ್ನ ಮುದುಕನೇನು ಸಾಚಾನಾ ಅತ್ತಿಗೆ? ಅವನದೂ ಪಕ್ಷಪಾತವೇ," ಎಂದು ಮೈರಾನ್ ಕೆಣಕುವುದಿತ್ತು.

"ಇರಲಿ ಬಿಡೋ. ಗೋಲು ಹೊಡೆದವನ ಹೆಸರು ಎಲ್ಲರೂ ಹೇಳ್ತಾರೆ. ಮೂಲೇಲಿ ಒದೆ ತಿಂದು ಪಕ್ ಬಿಡಿಸ್ಕೊಟ್ಟವನ ಹೆಸರು ಅವನೊಬ್ಬನೇ ಹೇಳೋದು."

ತೊಡಕು ಒಂದೇ. ರೇಡಿಯೊ ಟಿವಿಗಿಂತ ಕೆಲವು ಸೆಕೆಂಡು ಮುಂದೆ ಓಡುತ್ತದೆ. ಆ ಸಂಜೆಯೂ ವಿನ್ನಿಪೆಗ್ ಒಂದು ಗೋಲು ಹಿಂದಿದ್ದಾಗ, ಆಟ ಇನ್ನೇನು ಮುಗಿಯಬೇಕು, ಸ್ಟೆಫಾ ಸೌಟು ಹಿಡಿದೇ ಕಿರುಚಿದಳು: "ಹೊಡೆದ್ಬಿಟ್ಟ! ಸಮ ಆಯ್ತು!" ಹಾಲಿನ ಟಿವಿಯಲ್ಲಿ ಪಕ್ ಎಂಬ ಆ ಕರಿ ಬಿಲ್ಲೆ ಇನ್ನೂ ಅಂಗಳದ ನಡುವೆಯೇ ಇತ್ತು.

ಓರೆಸ್ಟ್ ಅಡುಗೆಮನೆಗೆ ನುಗ್ಗಿದ. "ಮಾರಾಯ್ತಿ, ಬಡಿಸೋ ಮೊದಲೇ ಎಲೆ ಎತ್ತಿಬಿಟ್ಯಲ್ಲ!" ರೇಡಿಯೊ ಆರಿಸಿಯೇಬಿಟ್ಟ. "ಹೆಚ್ಚುವರಿ ಆಟ ಮುಗಿಯೋವರೆಗೂ ಇದನ್ನ ಮುಟ್ಟಬೇಡ."

"ಮತ್ತೆ ನಾನು ಏನು ಕೇಳ್ಲಿ?"

"ಹಾಲಿಗೆ ಬಂದು ಕೂತ್ಕೋ. ಯಾರು ಬೇಡ ಅಂದ್ರು?"

"ಅತ್ತಿಗೆ, ಇನ್ನೊಂದು ತಟ್ಟೆ ಪೆರೊಗಿ!" ಒಳಗಿಂದ ಮೈರಾನ್ ಕೂಗಿದ.

"ಅದನ್ನ ಕೊಟ್ಟು ಕೂತ್ಕೋ," ಎಂದು ಓರೆಸ್ಟ್ ತಿದ್ದಿದ.

ಸ್ಟೆಫಾ ತಟ್ಟೆ ಕೊಟ್ಟಳು. ಕೂರಲಿಲ್ಲ. ಮೂಕ ಟಿವಿಯ ಮುಂದೆ ಕೂತು ಅವಳೇನು ಮಾಡಬೇಕು? ಇಡೀ ಚಳಿಗಾಲ ಈ ಆಟವನ್ನು ಆ ದನಿಯ ಜೊತೆ ಆಡಿಕೊಂಡು ಬಂದವಳು ಅವಳು. ಒಲೆ ಆರಿಸಿ, ಏಪ್ರನ್ನಿನ ಮೇಲೆಯೇ ಕೋಟು ತೊಟ್ಟು ಹಿಂಬಾಗಿಲಿನಿಂದ ಹೊರಬಿದ್ದಳು. ಕಾರಿನೊಳಗೆ ಕೂತು ರೇಡಿಯೊ ತಿರುಗಿಸಿದಳು. ಬಾಯಿಂದ ಹೊಗೆಯಾಡುತ್ತಿತ್ತು, ಬೆರಳು ಸೆಡೆತಿದ್ದವು. ಮುದುಕನ ದನಿ ಕಾರಿನ ತುಂಬ ತುಂಬಿಕೊಂಡಿತು. ಮೂಲೆಯಲ್ಲಿ ಒಬ್ಬ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ, ಬಿಡುತ್ತಿಲ್ಲ, ಬಿಡುತ್ತಿಲ್ಲ, ಪಕ್ ಬಿಡಿಸಿದ, ಕೊಟ್ಟ... ಗೋಲು! ವಿನ್ನಿಪೆಗ್ ಗೆದ್ದಿತು!

ಸ್ಟೆಫಾ ಒಬ್ಬಳೇ ತೊಡೆ ತಟ್ಟಿಕೊಂಡು ನಕ್ಕಳು. ಎದುರು ಹಾಲಿನ ಕಿಟಕಿಯಲ್ಲಿ ಅಣ್ಣತಮ್ಮಂದಿರು ಇನ್ನೂ ಗೋಲು ಕಾಣದೆ ಮುಂದಕ್ಕೆ ಬಾಗಿ ಕೂತಿದ್ದರು. ಮೈರಾನ್‌ನ ಮುಳ್ಳುಚಮಚ ಬಾಯಿಯ ಹತ್ತಿರವೇ ನಿಂತಿತ್ತು. ಓರೆಸ್ಟ್ ಚಿಕ್ಕ ಹುಡುಗನ ಹಾಗೆ ದಿಂಬನ್ನು ಅವುಚಿಕೊಂಡಿದ್ದ. ಪಾಪ ಅನ್ನಿಸಿತು. ಪಾಪ, ಅವರೇ ಕಣ್ಣಾರೆ ನೋಡಲಿ, ಎಂದೂ ಒಂದು ಗಳಿಗೆ ಅನ್ನಿಸಿತು.

ಆಮೇಲೆ ಎರಡೂ ಅಂಗೈ ಊರಿ ಹಾರನ್ ಒತ್ತಿದಳು. ಬೀದಿಗೆಲ್ಲ ಕೇಳುವಂತೆ.