ಎಲ್ಲದಕ್ಕೂ ಹೌದ್ರಿ

ನನ್ನ ಅಣ್ಣನಿಗೆ ಮೂವತ್ತೊಂದು ವರ್ಷ. ನನಗಿಂತ ಐದು ವರ್ಷ ದೊಡ್ಡವನು. ಹುಟ್ಟಿದಾಗಿನಿಂದ ಅವನ ಬುದ್ಧಿ ನಿಧಾನ. ಹತ್ತರ ಮೇಲೆ ಎಣಿಸಲು ಬರುವುದಿಲ್ಲ, ಗಡಿಯಾರ ನೋಡಲು ಬರುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ, ಆದರೆ ಒಂದು ಮೇಲೆ ಒಂದು ಕೆಳಗೆ ಆಗುತ್ತವೆ. ಅವನಿಗೆ ಚೆನ್ನಾಗಿ ಬರುವ ಕೆಲಸ ನಿಂಬೆಕಾಯಿ ಆರಿಸುವುದು. ಇಂಡಿಯಲ್ಲಿ ನಿಂಬೆಕಾಯಿಗೇನು ಕಡಿಮೆ? ವ್ಯಾಪಾರಿಯ ಅಂಗಳದಲ್ಲಿ ರಾಶಿಯ ಮುಂದೆ ಕೂತರೆ ದೊಡ್ಡದು, ಸಣ್ಣದು, ಕಲೆ ಬಿದ್ದದ್ದು ಎಲ್ಲ ಬೇರೆ ಬೇರೆ ಮಾಡುತ್ತಾನೆ. ಕೈ ತಪ್ಪುವುದಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಟಂಟಂ ಆಟೊ ಓಡಿಸುತ್ತೇನೆ. ಬೆಳಿಗ್ಗೆ ಅವನನ್ನು ಅಲ್ಲಿ ಇಳಿಸುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ. ಅಪ್ಪ ಇಲ್ಲ. ಮನೆಯಲ್ಲಿ ಅವ್ವ, ಅಣ್ಣ, ನಾನು, ಮೂರೇ ಜನ.

ಹೋದ ವರ್ಷ ದೀಪಾವಳಿ ಆದ ಮೇಲೆ ಅವನು ಊಟ ಬಿಟ್ಟ. ಮೊದಲು ಎರಡು ರೊಟ್ಟಿಯಲ್ಲಿ ಒಂದು ಬಿಟ್ಟ. ಆಮೇಲೆ ಬರೀ ಚಹಾ. ವ್ಯಾಪಾರಿಯ ಅಂಗಳದ ಮುಂದೆ ಟಂಟಂ ನಿಲ್ಲಿಸಿದರೆ ಕಂಬಿ ಹಿಡಿದು ಕೂತುಬಿಡುತ್ತಿದ್ದ, ಇಳಿಯುತ್ತಿರಲಿಲ್ಲ. ಮನೆಗೆ ತಂದರೆ ತನ್ನ ಅಂಗಿ, ಚಡ್ಡಿ, ಹೊದಿಕೆ ಎಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಹೊಸ್ತಿಲ ಮೇಲೆ ಕೂರುತ್ತಿದ್ದ. ಅವ್ವ ತೆಗೆದಿಟ್ಟರೆ ಮತ್ತೆ ತುಂಬುತ್ತಿದ್ದ. ಒಂದು ದಿನ ಮುಷ್ಟಿಯಿಂದ ತನ್ನ ತಲೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದ. ನಾನು ಕೈ ಹಿಡಿದೆ. ಅವನಿಗೆ ಎಂಥ ಶಕ್ತಿ ಇದೆ ಎಂದು ಅವತ್ತು ಗೊತ್ತಾಯಿತು.

ಓಣಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

"ಅವ ಮೊದಲಿಂದ್ಲೂ ಹಂಗ ಅದಾನಲ್ಲೋ."

"ಹಂಗ ಇದ್ದಿದ್ದಿಲ್ಲ. ಉಣ್ಣತಿದ್ದ, ನಗತಿದ್ದ."

"ಹುಚ್ಚಗ ಇವತ್ತು ನಗೂ, ನಾಳೆ ಅಳೂ. ನೀ ಯಾಕ ತಲಿ ಕೆಡಿಸ್ಕೊತಿ?"

ಊರಿನ ಡಾಕ್ಟರು ಶಕ್ತಿಗೆಂದು ಟಾನಿಕ್ ಕೊಟ್ಟರು. ಅದನ್ನೂ ಕುಡಿಯಲಿಲ್ಲ. ದೆವ್ವದ ಗಾಳಿ ಸೋಕಿದೆ ಎಂದು ಅವ್ವನ ತಲೆಯಲ್ಲಿ ಕೂತಿತು. ಅವಳ ತವರು ನಾಲತವಾಡ. ಅಲ್ಲಿಗೆ ಹೋಗಿ, ತಂಗಡಗಿಯ ಹೊಳೆಯಲ್ಲಿ ಮುಳುಗಿಸಿ, ದೇವರಿಗೆ ಕಾಯಿ ಒಡೆಸಿಕೊಂಡು ಬರೋಣ ಎಂದಳು. ನನಗೆ ನಂಬಿಕೆ ಇರಲಿಲ್ಲ. ಬೇರೆ ದಾರಿಯೂ ಗೊತ್ತಿರಲಿಲ್ಲ, ಹೋದೆ.

ಹೊಳೆಯಲ್ಲಿ ಮೂರು ಸಲ ಮುಳುಗಿಸಿದೆ. "ಆತು, ಬಾ ಅಣ್ಣಾ" ಎಂದು ದಡಕ್ಕೆ ತಿರುಗಿದೆ. ಹಿಂದೆ ನೋಡಿದರೆ ಅವನು ಬರುತ್ತಿಲ್ಲ, ಒಳಗೆ ಹೋಗುತ್ತಿದ್ದಾನೆ. ನೀರು ಎದೆ ದಾಟಿತ್ತು. ಕೂಗಿದೆ, ತಿರುಗಲಿಲ್ಲ. ಓಡಿ ಹೋಗಿ ಬಗಲಿಗೆ ಕೈ ಹಾಕಿ ಎಳೆದೆ. ದಡಕ್ಕೆ ತಂದು ಎರಡು ಏಟು ಹೊಡೆದೆ. ಹೊಡೆದದ್ದು ತಪ್ಪು. ಆದರೂ ಹೊಡೆದೆ. ಅವ್ವ ಒದ್ದೆ ಮಣ್ಣಲ್ಲಿ ಕೂತು ಅಳುತ್ತಿದ್ದಳು. ಅವನು ಅಳಲಿಲ್ಲ. ನನ್ನನ್ನು ನೋಡುತ್ತಿದ್ದ, ಅಷ್ಟೇ.

ಮರುದಿನವೇ ವಿಜಯಪುರಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೆಣ್ಣುಮಗಳು, ನಮ್ಮ ಕಡೆಯವರೇ. ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ರಾತ್ರಿ ನಿದ್ದಿ ಬರತೈತೇನ್ರಿ?"

"ಹೌದ್ರಿ."

"ಕಿವ್ಯಾಗ ಯಾರರೆ ಮಾತಾಡಿದಂಗ ಕೇಳತೈತೇನು?"

"ಹೌದ್ರಿ."

"ಸಾಯಬೇಕು ಅನಸತೈತೇನು?"

"ಹೌದ್ರಿ."

ನಾನು ಡಾಕ್ಟರ ಮುಖ ನೋಡಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಇಲ್ಲಿ ಡಾಕ್ಟರು ನೀವೇನ್ರಿ?"

"ಹೌದ್ರಿ."

"ನಾ ಪೇಶಂಟೇನು?"

"ಹೌದ್ರಿ."

ಅವರು ನನ್ನ ಕಡೆ ತಿರುಗಿದರು. "ಇವ್ರಿಗೆ ಹೌದ್ರಿ ಅನ್ನೂದು ಯಾರು ಕಲಿಸ್ಯಾರ?"

"ನಾನ ರೀ."

ನಾನೇ ಕಲಿಸಿದ್ದು. ಸಣ್ಣವರಿದ್ದಾಗ ಯಾರಾದರೂ ಏನಾದರೂ ಕೇಳಿದರೆ ಅಣ್ಣ ಬಾಯಿ ತೆರೆದು ಅವರ ಮುಖವನ್ನೇ ನೋಡುತ್ತಿದ್ದ. ಸೊಕ್ಕು ಎಂದು ತಿಳಿದು ಹೊಡೆಯುತ್ತಿದ್ದರು. ಒಂದು ದಿನ ಅವನ ತುಟಿ ಒಡೆದಿತ್ತು. ಆಗ ಹೇಳಿಕೊಟ್ಟೆ: ಯಾರು ಏನು ಕೇಳಿದರೂ ಹೌದ್ರಿ ಅನ್ನು. ಅವನು ಕಲಿತ. ಹೊಡೆತ ನಿಂತಿತು. ಎಲ್ಲರೂ ಅವನನ್ನು ಒಳ್ಳೆಯವ ಎಂದರು. ನನ್ನ ಬುದ್ಧಿಗೆ ನಾನೇ ಹೆಮ್ಮೆಪಟ್ಟಿದ್ದೆ.

ಡಾಕ್ಟರು ಬೈಯಲಿಲ್ಲ. "ಬುದ್ಧಿ ನಿಧಾನ ಇದ್ದವ್ರಿಗೂ ಮನಸ್ಸಿಗೆ ಜಡ್ಡು ಬರತೈತಿ. ಅದು ಬ್ಯಾರೆ, ಇದು ಬ್ಯಾರೆ. ಎಲ್ಲಾ ಒಂದ ಅಂತ ಮಂದಿ ಬಿಟ್ಟುಬಿಡ್ತಾರ. ಇವ್ರು ಯಾವುದಕ್ಕೋ ಅಂಜ್ಯಾರ. ಯಾವುದಕ್ಕ ಅಂತ ನಾ ಕೇಳಿದ್ರ ಹೌದ್ರಿ ಅಂತಾರ. ನೀವು ಕೇಳ್ರಿ. ಹೌದು, ಇಲ್ಲ ಅನ್ನೂ ಪ್ರಶ್ನಿ ಬ್ಯಾಡ. ಏನು, ಎಲ್ಲಿ, ಯಾಕ ಅಂತ ಕೇಳ್ರಿ. ಉತ್ತರ ಬರೂತನಾ ಸುಮ್ನ ಕುಂದರ್ರಿ."

ಸಣ್ಣ ಗುಳಿಗೆ ಬರೆದುಕೊಟ್ಟರು. ಒಬ್ಬನನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿ ಇಡಬೇಡಿ, ನೀರು ಕುಡಿಯುವುದನ್ನೂ ಬಿಟ್ಟರೆ ತಡ ಮಾಡದೆ ಕರೆತನ್ನಿ, ಸೇರಿಸಿಕೊಳ್ಳಬೇಕಾಗುತ್ತದೆ ಎಂದರು.

ಟಂಟಂ ನಿಲ್ಲಿಸಿ ಮನೆಯಲ್ಲಿ ಕೂತೆ. ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅವನು ಸಂಡಾಸಕ್ಕೆ ಹೋದರೆ ಬಾಗಿಲ ಮುಂದೆ ನಾನು. ಅವನು ಹೊಸ್ತಿಲ ಮೇಲೆ ಕೂತರೆ ಪಕ್ಕದಲ್ಲಿ ನಾನು. ಅವ್ವ ಬಾಳೆಹಣ್ಣು ಹಿಚುಕಿ ತಂದರೆ ಎರಡು ತುತ್ತು ತಿಂದು ಬಾಯಿ ಮುಚ್ಚುತ್ತಿದ್ದ.

"ಚೀಲದಾಗ ಏನೈತಿ ಅಣ್ಣಾ?"

"ಅಂಗಿ."

"ಅಂಗಿ ಯಾಕ ತುಂಬೀದಿ?"

ಇಲ್ಲಿಗೆ ಮಾತು ನಿಲ್ಲುತ್ತಿತ್ತು. ಮರುದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅಲ್ಲಿಗೇ ನಿಲ್ಲುವುದು. ಐದು ದಿನ ಹೀಗೇ ಹೋದವು. ಸಿಟ್ಟು ಬರುತ್ತಿತ್ತು. ಎದ್ದು ಹೋಗಿ ಗೋಡೆಗೆ ಒದ್ದು ಬಂದು ಮತ್ತೆ ಕೂರುತ್ತಿದ್ದೆ.

ಆರನೆಯ ದಿನ ಮಧ್ಯಾಹ್ನ ಕೇಳಿದೆ, "ಎಲ್ಲಿಗೆ ಹೊಂಟೀದಿ?"

ಬಹಳ ಹೊತ್ತಿನ ಮೇಲೆ ಹೇಳಿದ, "ವ್ಯವಸ್ಥಾಕ್ಕ."

"ಎಲ್ಲಿಗೆ?"

"ವ್ಯವಸ್ಥಾಕ್ಕ. ತಮ್ಮಾ, ವ್ಯವಸ್ಥಾದ ಬಸ್ಸು ಎಲ್ಲಿ ನಿಲ್ಲತೈತಿ? ಅಲ್ಲಿ ಅವ್ವ ಬರ್ತಾಳೇನು?"

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು ಎನಿಸಿತು.

ದೀಪಾವಳಿಗೆ ಮುಂಚೆ ಮುದ್ದೇಬಿಹಾಳಕ್ಕೆ ನನಗೆ ಹೆಣ್ಣು ನೋಡಲು ಹೋಗಿದ್ದೆವು. ಅಣ್ಣನೂ ಬಂದಿದ್ದ, ನನ್ನ ಪಕ್ಕದಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದ. ಹುಡುಗಿ ನನಗೆ ಹಿಡಿಸಿದ್ದಳು. ಮಾತಿನ ಕೊನೆಗೆ ಅವಳ ಸೋದರಮಾವ ಅಣ್ಣನ ಕಡೆ ಗಲ್ಲ ಎತ್ತಿ ತೋರಿಸಿ ಹೇಳಿದ್ದ, "ಎಲ್ಲಾ ಚೊಲೋ ಐತಿ. ಇವಂದೊಂದು ಏನರೆ ವ್ಯವಸ್ಥಾ ಮಾಡ್ರಿ. ನಮ್ಮ ಹುಡುಗಿ ಇವನ್ನ ನೋಡ್ಕೊಂಡು ಕುಂದ್ರಾಕ ಆಗಂಗಿಲ್ಲ."

ನಾನು ಏನಂದೆ? "ಹೌದ್ರಿ, ಮಾಡೂಣ್ರಿ" ಎಂದೆ. ಮನಸ್ಸಿನಲ್ಲಿ ಏನೂ ಇರಲಿಲ್ಲ. ಹಿರಿಯರು ಏನಾದರೂ ಹೇಳಿದರೆ ನಮ್ಮ ಕಡೆ ಹಾಗೇ ಅನ್ನುವುದು. ಹೌದ್ರಿ ಎಂದು, ಚಹಾ ಕುಡಿದು, ಎದ್ದು ಬರುವುದು. ಮನೆಗೆ ಬಂದ ಮೇಲೆ ಅವ್ವ ಅದನ್ನೇ ಹಿಡಿದಳು. ರೊಟ್ಟಿ ಬಡಿಯುತ್ತ ದಿನಾ ಕೇಳುತ್ತಿದ್ದಳು, "ವ್ಯವಸ್ಥಾ ಏನು ಮಾಡ್ತಿಯೋ?" ನಾನು "ಮಾಡ್ತೇನಿ ತಗೋ" ಎನ್ನುತ್ತಿದ್ದೆ. ಒಲೆಯ ಮುಂದೆ ಅಣ್ಣ ಕೂತಿರುತ್ತಿದ್ದ. ಅವನಿಗೇನು ತಿಳಿಯುತ್ತದೆ ಎಂದು ನಾವಿಬ್ಬರೂ ತಿಳಿದಿದ್ದೆವು. ಇಂಡಿ, ಸಿಂದಗಿ ಇದ್ದ ಹಾಗೆ ವ್ಯವಸ್ಥೆ ಅನ್ನುವುದೂ ಒಂದು ಊರು, ತನ್ನನ್ನು ಅಲ್ಲಿ ಬಿಟ್ಟು ಬರುತ್ತಾರೆ ಎಂದು ಅವನು ತಿಳಿದಿದ್ದ. ಊರು ಇರಲಿಲ್ಲ ನಿಜ. ಬಿಟ್ಟು ಬರುವ ಮಾತು ಮಾತ್ರ ಇತ್ತು. ಅಷ್ಟನ್ನು ಅವನು ಸರಿಯಾಗಿಯೇ ತಿಳಿದಿದ್ದ.

"ಅಂಥಾ ಊರು ಇಲ್ಲೋ ಅಣ್ಣಾ. ನೀ ಎಲ್ಲಿಗೂ ಹೋಗಂಗಿಲ್ಲ. ನಮ್ಮ ಕೂಡನ ಇರ್ತಿ" ಎಂದೆ.

"ಹೌದ್ರಿ" ಎಂದ. ತಮ್ಮನಿಗೂ ರೀ ಹಚ್ಚಿದ. ನಂಬಲಿಲ್ಲ.

ಅವನ ಪಕ್ಕದಲ್ಲೇ ಕೂತು ಮುದ್ದೇಬಿಹಾಳದ ಆ ಸೋದರಮಾವನಿಗೆ ಫೋನ್ ಹಚ್ಚಿದೆ. ಅವನಿಗೆ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಮಾಮಾ, ನಮ್ಮಣ್ಣ ಮನ್ಯಾಗ ಇರ್ತಾನ್ರಿ. ಎಲ್ಲಿಗೂ ಕಳಸಂಗಿಲ್ಲ."

"ಮತ್ತ ಅವತ್ತು ಹೌದ್ರಿ ಅಂದಿ?"

"ಅಂದ್ನಿ. ತಪ್ಪಾತ್ರಿ."

"ತಮ್ಮಾ, ಮದಿವಿ ಆಗಾಂವ ನೀನೋ, ನಿಮ್ಮಣ್ಣನೋ? ಅವಂಗ ಒಂದು ಹೆಣ್ಣು ನೋಡ್ಕೋ ಹಂಗಾರ, ಇಬ್ಬರೂ ಕೂಡಿ ಆರಾಮ ಇರ್ರಿ."

"ಆತ್ರಿ" ಎಂದು ಇಟ್ಟೆ. ಆ ಹುಡುಗಿ ನನಗೆ ಬೇಕಾಗಿದ್ದಳು. ಈಗಲೂ ಒಮ್ಮೊಮ್ಮೆ ನೆನಪಾಗುತ್ತಾಳೆ.

ಅವತ್ತೇ ಅಣ್ಣ ಎದ್ದು ಊಟ ಮಾಡಿದ ಎಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ಏನೂ ತಿನ್ನಲಿಲ್ಲ. ಮೂರು ದಿನದ ಮೇಲೆ ಕಾಲು ರೊಟ್ಟಿ ಮೊಸರಿನಲ್ಲಿ ಅದ್ದಿಕೊಂಡು ತಿಂದ. ಅವ್ವ ಬಾಯಿ ತೆರೆಯುವಷ್ಟರಲ್ಲಿ ನಾನು ಕಣ್ಸನ್ನೆ ಮಾಡಿದೆ, ಸುಮ್ಮನಾದಳು. ಚೀಲ ಖಾಲಿಯಾಗಲು ಒಂದು ತಿಂಗಳು ಹಿಡಿಯಿತು. ಅವನೇ ದಿನಕ್ಕೊಂದು ಬಟ್ಟೆ ತೆಗೆದ. ನಡುವೆ ಎರಡು ಸಲ ಮತ್ತೆ ತುಂಬಿದ. ಗುಳಿಗೆ ನಡೆದಿದೆ. ಇನ್ನೂ ಬಹಳ ದಿನ ಬೇಕು, ನೀವಾಗಿಯೇ ನಿಲ್ಲಿಸಬೇಡಿ, ಜಡ್ಡು ಮತ್ತೆ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಈಗ ವಾರದಲ್ಲಿ ಎರಡು ಮೂರು ದಿನ ಕೆಲಸಕ್ಕೆ ಇಳಿಯುತ್ತಾನೆ. ಇಳಿಯದ ದಿನ ನನ್ನ ದುಡಿಮೆಯೂ ಇಲ್ಲ. ಅವನ ಮೇಲೆ ಸಿಟ್ಟು ಬರುವುದು ನಿಂತಿಲ್ಲ. ದಣಿವೂ ಹೋಗಿಲ್ಲ.

ಬಸವನ ಬಾಗೇವಾಡಿ ಕಡೆ ಒಂದು ಹುಡುಗಿ ಇದ್ದಾಳೆ ಎಂದು ಮೊನ್ನೆ ಅವ್ವ ಹೇಳಿದಳು.

"ಮೊದಲ ಅಣ್ಣನ ಮಾತು ಹೇಳು. ಆಮ್ಯಾಲ ನಂದು."

"ಹಂಗ ಹೇಳಿದ್ರ ಯಾರು ಕೊಡ್ತಾರೋ ಯಪ್ಪಾ?"

"ಕೊಡಲಿಲ್ಲಂದ್ರ ಬಿಡಲಿ."

ಅವ್ವ ಇನ್ನೂ ಅವರಿಗೆ ಫೋನ್ ಮಾಡಿಲ್ಲ. ನಾನೂ ಕೇಳಿಲ್ಲ. ನಾಳೆ ಅವನನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಬೇಕು, ಗುಳಿಗೆ ಮುಗಿದಿವೆ.