ಮುಚ್ಚಳ ತೆಗೆದ ಮೋಟಾರು, ಒಂದು ಹಿಡಿ ಭಂಡಾರ

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಸತ್ತುಹೋಗಿದ್ದ ಒಂದು ಮೋಟಾರನ್ನು ಈ ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲೇ ಬದುಕಿಸಿದೆ. ಅದಕ್ಕೆ ಸಿಕ್ಕ ಮರ್ಯಾದೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ನಾನು ಮಕ್ತಲ್ ಬಸ್ ನಿಲ್ದಾಣದ ಹಿಂದಿನ ಬೈಕ್ ರಿಪೇರಿ ಅಂಗಡಿಯಲ್ಲಿ ಎರಡನೇ ದೊಡ್ಡ ಮೆಕ್ಯಾನಿಕ್. ಅಂಗಡಿಯಲ್ಲಿ ಇದ್ದದ್ದೇ ಇಬ್ಬರು ಎಂಬ ಮಾತನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ.

ನಾವು ಕುರಿ ಸಾಕುವವರು. ನಮ್ಮ ಮನೆಗೆ ಮೀನು ಹಿಡಿಯುವ ದೋಣಿ ಬಂದದ್ದು ಅಜ್ಜನಿಂದ. ಹರೆಯದಲ್ಲಿ ಕೃಷ್ಣಾ ದಂಡೆಯ ಗೆಳೆಯನಿಗೆ ಎರಡು ಟಗರು ಕೊಟ್ಟು ಮರದ ದೋಣಿಯನ್ನೂ ಅದರ ಔಟ್‌ಬೋರ್ಡ್ ಮೋಟಾರನ್ನೂ ತಂದಿದ್ದ. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂದೆ ನೇತುಹಾಕುವ ಎಂಜಿನ್ನು. ಕಾಲು ನೀರಿನಲ್ಲಿ, ತಲೆ ಮೇಲೆ. ಬೀಗರೆಲ್ಲ ನಕ್ಕರು. ಅಜ್ಜ ಮೀನು ಹಿಡಿಯುತ್ತಲೇ ಇದ್ದ. ಕೊನೆಗೆ ಅವನ ಮೊಣಕಾಲು ಕೈಕೊಟ್ಟಿತು. ದೋಣಿ ಅಂಗಳದಲ್ಲಿ ಬೋರಲು ಬಿದ್ದಿತು, ಅದರಡಿ ಕೋಳಿಗಳು ಸಂಸಾರ ಹೂಡಿದವು.

ಒಂದು ಬೆಳಿಗ್ಗೆ ಅಪ್ಪ ಗರಗಸ ಹಿಡಿದು ಬಂದ.

"ದೋಣಿ ನಡುವಿನ ಹಲಗಿ ಕೊಯ್ದು ತಗದು, ಹಟ್ಟಿಯಾಗ ತೊಟ್ಟಿ ಮಾಡಿ ಇಟ್ರ ಕುರಿ ನೀರು ಕುಡಿಯಾಕ ಛಲೋ ಆಗತೈತಿ."

ಅಜ್ಜ ಎದ್ದು ಹೋಗಿ ಬೋರಲು ಬಿದ್ದ ದೋಣಿಯ ಮೇಲೆ ಕುಳಿತ. ರೊಟ್ಟಿಗೆ ಕರೆದರೂ ಬರಲಿಲ್ಲ. ನದಿಯಲ್ಲಿ ಓಡಿದ ದೋಣಿಗೆ ಕುರಿ ಮೂತಿ ಹಾಕುವುದೇ? ನನ್ನ ತಲೆ ಕಾದ ಹಂಚಾಯಿತು.

"ಮೋಟಾರು ಚಾಲೂ ಮಾಡಿ ತೋರಸ್ತೀನಿ ನೋಡು" ಎಂದೆ.

"ನೀ? ಸೈಕಲ್ ಗಂಟಿ ಬಾರಸಾಕ ಬರಲ್ಲ ನಿನಗ."

"ಚಾಲೂ ಆದ್ರ?"

"ಐತಾರ ಸಂಜಿಗೆ ನಾ ಕುರಿ ಹೊಡಕೊಂಡು ಬರೂದ್ರಾಗ ಓಡತಿರಬೇಕು. ಓಡಿದ್ರ ಹೊಳಿಗೆ ಒಯ್ರಿ. ಇಲ್ಲಂದ್ರ ಗರಗಸ."

ದೋಣಿಯ ಕೆಲಸ ಅಜ್ಜನದು. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ, ಮೇಲೆ ಬಿಸಿ ಡಾಂಬರು ಬಳಿದ. ಮೋಟಾರು ನನ್ನದು. ಮುಚ್ಚಳ ಎತ್ತಿದರೆ ಒಳಗೆ ಇಲಿಯೊಂದು ನನ್ನನ್ನೇ ಬಾಡಿಗೆ ಕೇಳುವಂತೆ ನೋಡಿತು. ಅದು ಬೆಕ್ಕಿಗಿಂತ ದೊಡ್ಡದಿತ್ತು. ಅಜ್ಜ ಸಣ್ಣದೆನ್ನುತ್ತಾನೆ, ಅವನಿಗೆ ಕಣ್ಣು ಮಂಜು. ಪ್ಲಗ್ ಉಜ್ಜಿದೆ, ಗಾಳಿ ಮತ್ತು ಪೆಟ್ರೋಲು ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಎಂಜಿನ್ನನ್ನು ತಂಪಾಗಿಡಲು ನೀರೆಳೆಯುವ ರಬ್ಬರ್ ಚಕ್ರ ಮಾತ್ರ ಹರಿದು ಚಿಂದಿಯಾಗಿತ್ತು.

ಅದಕ್ಕಾಗಿ ಗದ್ವಾಲ್‌ಗೆ ಹೋದೆ. ಪಂಪ್‌ಸೆಟ್ ಅಂಗಡಿಯವನು ಹರಿದ ಚಕ್ರವನ್ನು ತಿರುವಿ ಮುರುವಿ ನೋಡಿ, ಏನಕ್ಕೆ ಎಂದ. ದೋಣಿಗೆ ಎಂದೆ.

"ಇಕ್ಕಡ ಸಮುದ್ರಂ ಎಕ್ಕಡುಂದಿರಾ?"

ಇಲ್ಲಿ ಸಮುದ್ರ ಎಲ್ಲಿದೆಯೋ ಎಂದು ತೆಲುಗಿನಲ್ಲಿ ಕೇಳಿ, ಚಹಾ ತಂದವನನ್ನೂ ಕರೆದು ನಗಿಸಿದ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಕೂತು ಸಮುದ್ರ ಕೇಳುತ್ತಾನೆ! ಹಲ್ಲು ಕಚ್ಚಿಕೊಂಡು ಯಾವುದೋ ಪಂಪಿನ ಚಕ್ರ ತಂದು, ಅಂಚು ಕೆತ್ತಿ ಕೂಡಿಸಿದೆ.

ಶುಕ್ರವಾರ ಮೋಟಾರನ್ನು ಮರದ ದಿಮ್ಮಿಗೆ ಬಿಗಿದು, ಅದರ ಕಾಲನ್ನು ಅವ್ವನ ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟೆ. ನೀರಿಲ್ಲದೆ ಓಡಿಸಿದರೆ ಎಂಜಿನ್ನು ಸುಟ್ಟುಹೋಗುತ್ತದೆ. ಹಗ್ಗ ಎಳೆದೆ, ಎಳೆದೆ, ನನ್ನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗುವವರೆಗೆ ಎಳೆದೆ. ಕೊನೆಗೆ ಮೋಟಾರು ಕೆಮ್ಮಿತು. ಆಮೇಲೆ ಗುಡುಗಿತು! ಊರ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಅಜ್ಜ ಕುಂಟುತ್ತ ಓಡಿಬಂದ. ಸೊಂಟದ ಚೀಲಕ್ಕೆ ಕೈಹಾಕಿ, "ಏಳುಕೋಟಿ, ಏಳುಕೋಟಿಗೋ!" ಎಂದು ಒಂದು ಹಿಡಿ ಭಂಡಾರವನ್ನು ಮೋಟಾರಿನ ಮೇಲೆ ಹಾರಿಸಿದ. ಭಂಡಾರವೆಂದರೆ ಮೈಲಾರ ದೇವರ ಅರಿಶಿನ ಪುಡಿ, ಏಳುಕೋಟಿ ಅವನ ಜಯಘೋಷ. ನಮ್ಮಲ್ಲಿ ಹೊಸ ಟ್ರ್ಯಾಕ್ಟರ್ ಬಂದರೂ ಹೊಸ ಸೊಸೆ ಬಂದರೂ ಮೊದಲು ಅದೇ ಬೀಳಬೇಕು. ಆದರೆ ಸೊಸೆಗೆ ಕಾರ್ಬೊರೇಟರ್ ಇರುವುದಿಲ್ಲ. ಮುಚ್ಚಳ ತೆಗೆದಿದ್ದ ಮೋಟಾರು ಇಡೀ ಹಿಡಿಯನ್ನು ಒಂದೇ ಉಸಿರಿಗೆ ನುಂಗಿತು. ಹಳದಿ ಹೊಗೆ ಬಿಟ್ಟಿತು. ಸತ್ತಿತು.

"ಅಜ್ಜ! ತಲಿ ಐತೇನು ನಿನಗ? ದೇವ್ರು ಕೇಳಿದ್ನಾ ನನ್ನ ಮೋಟಾರಿನ್ಯಾಗ ಅರಿಶಿನ ಹಾಕು ಅಂತ? ನಿನ್ನಂಥ ಹುಂಬನ ನಾ ಎಲ್ಲೂ ನೋಡಿಲ್ಲ!"

ಅಜ್ಜ ಕೈಯಲ್ಲಿ ಉಳಿದ ಪುಡಿಯನ್ನು ಹಣೆಗೆ ಒರೆಸಿಕೊಂಡು, ಹೋಗಿ ಡಾಂಬರು ಬಳಿಯತೊಡಗಿದ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಶನಿವಾರ ಇಡೀ ದಿನ ಅರಿಶಿನ ಕೆರೆದೆ. ಅಷ್ಟು ಅರಿಶಿನದಲ್ಲಿ ನಾರಾಯಣಪೇಟೆಯ ಎಲ್ಲ ಮದುಮಕ್ಕಳಿಗೆ ಮೈಗೆ ಹಚ್ಚಬಹುದಿತ್ತು.

ಭಾನುವಾರ ಸಂಜೆ ಮೋಟಾರು ಮತ್ತೆ ಹತ್ತಿತು. ಈ ಸಲ ಹೂಂಕರಿಸುತ್ತಲೇ ಇತ್ತು. ನೆಟ್ಟಗೆ ನಿಲ್ಲಿಸಿದ್ದ ದೋಣಿಯೊಳಗೆ ಅಜ್ಜ ಹತ್ತಿ ಕುಳಿತು, ದೋಣಿ ತಿರುಗಿಸುವ, ಅಲ್ಲಿಲ್ಲದ ಹಿಡಿಕೆಯನ್ನು ಗಾಳಿಯಲ್ಲೇ ಹಿಡಿದುಕೊಂಡ. ಕುರಿಗಳ ಸದ್ದು ಕೇಳಿದ್ದೇ ನಾನು ಮೋಟಾರಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ಮುಚ್ಚಿದ ಮೋಟಾರು ತಗಡಿನ ಡಬ್ಬಿಯಂತೆ ಕಾಣುತ್ತದೆ; ಒಳಗೆ ಗರಗರ ತಿರುಗುವ ಚಕ್ರವನ್ನು ಅಪ್ಪ ಕಣ್ಣಾರೆ ನೋಡಿ ಹೊಟ್ಟೆ ಉರಿದುಕೊಳ್ಳಬೇಕಿತ್ತು.

ಹೆಗಲ ಮೇಲೆ ಕಂಬಳಿ ಹೊತ್ತ ಅಪ್ಪ ಬಾಗಿಲಲ್ಲಿ ನಿಂತ. ಸದ್ದಿಗೆ ಬೆದರಿದ ಕುರಿಗಳು ದಿಕ್ಕಾಪಾಲಾದರೂ ಅತ್ತ ನೋಡಲಿಲ್ಲ. ಮೋಟಾರನ್ನು ನೋಡಿದ. ದೋಣಿಯಲ್ಲಿ ಕುಳಿತ ತನ್ನ ಅಪ್ಪನನ್ನು ನೋಡಿದ. ಅವನ ತುಟಿ ಅಲುಗಿತು. ಕೈ ಸೊಂಟಕ್ಕೆ ಹೋಯಿತು.

"ಯಪ್ಪಾ, ತಡೀ!"

"ಏಳುಕೋಟಿಗೋ!"

ಮೊದಲ ಹಿಡಿ ಮೋಟಾರಿಗೆ. ಎರಡನೆಯದು ದೋಣಿಗೆ, ಅಜ್ಜನ ತಲೆಗೆ. ಕೆಮ್ಮು, ಹಳದಿ ಹೊಗೆ, ಆಮೇಲೆ ಕೋಳಿಯೂ ಉಸಿರಾಡದಂಥ ಮೌನ.

"ನಿಂತೇ ಹೋತಲ್ಲ" ಎಂದ ಅಪ್ಪ. "ಹೇಳಿದ್ನಿಲ್ಲೋ, ನಿನಗ ಬರಲ್ಲ ಅಂತ? ಇರಲಿ. ದೋಣಿ ಮ್ಯಾಲ ಭಂಡಾರ ಬಿದ್ದೈತಿ. ಇನ್ನ ಅದಕ್ಕ ಗರಗಸ ಹಚ್ಚಂಗಿಲ್ಲ."

ಗರಗಸವನ್ನು ಅಟ್ಟಕ್ಕೆ ಎಸೆದು ಕುರಿ ಹುಡುಕಲು ಹೊರಟ.

ನಾನು ಬಾಯಿ ತೆರೆದೆ. ಅಪ್ಪನ ಬೆನ್ನು ನೋಡಿ ಮತ್ತೆ ಮುಚ್ಚಿದೆ. ದೋಣಿಯಲ್ಲಿದ್ದ ಅಜ್ಜ ಹುಬ್ಬಿನ ಅರಿಶಿನ ಒರೆಸಿಕೊಳ್ಳುತ್ತ ಮೆಲ್ಲಗೆ ಅಂದ:

"ಬೈಯೋ ಮೆಕ್ಯಾನಿಕ್. ನನಗ ಬೈದ್ಯಲ್ಲ, ಹಂಗ ಬೈ. ಕೇಳಾಕ ಕುಂತೀನಿ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಅಜ್ಜನಿಗೆ ಬಯ್ಯುವ ಮೊದಲು, ಅದೇ ಮಾತನ್ನು ಅಪ್ಪನಿಗೂ ಅನ್ನುವ ಧೈರ್ಯ ನಮಗಿದೆಯೇ ಎಂದು ನೋಡಿಕೊಳ್ಳಬೇಕು. ನಾನು ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕಿದೆ.